ಊರಿಗೆಲ್ಲ ನೀರು ಕೊಟ್ಟವರ ಬಿಂದಿಗೆ ಖಾಲಿ

ಮುಂಬೈನಲ್ಲಿ ಬೆಳಗ್ಗೆ ಎದ್ದು ನಲ್ಲಿ ತಿರುಗಿಸಿದರೆ ನೀರು ಬರುತ್ತೆ. ಎಲ್ಲಿಂದ ಬರುತ್ತೆ? ಈ ಪ್ರಶ್ನೆಯನ್ನ ಅಲ್ಲಿನವರಿಗೆ ಕೇಳಿ ನೋಡಿ. "ಬಿಎಂಸಿಯವರು ಬಿಡ್ತಾರೆ" ಅಂತಾರೆ. ಅಷ್ಟೇ ಉತ್ತರ. ಬಿಎಂಸಿಗೆ ಎಲ್ಲಿಂದ ಬರುತ್ತೆ ಅಂತ ಇನ್ನೊಂದು ಪ್ರಶ್ನೆ ಹಾಕಿದರೆ ಬಹಳಷ್ಟು ಜನ ತಡವರಿಸ್ತಾರೆ. ಅವರನ್ನ ದೂರಬೇಡಿ. ನಾವು ಬೆಂಗಳೂರಿನವರೂ ಅಷ್ಟೇ. ಕಾವೇರಿ ಅಂತ ಹೆಸರು ಹೇಳ್ತೀವಿ, ಅದರಾಚೆಗೆ ನಮಗೂ ಗೊತ್ತಿಲ್ಲ.

ಉತ್ತರ ನಾನು ಹೇಳ್ತೀನಿ. ಮುಂಬೈಗೆ ನೀರು ಕೊಡೋದು ಏಳು ಜಲಾಶಯಗಳು. ತುಳಸಿ, ವಿಹಾರ್, ತಾನ್ಸಾ, ಮೋಡಕ್ ಸಾಗರ, ಮೇಲ್ ವೈತರಣಾ, ಮಧ್ಯ ವೈತರಣಾ, ಭಾತ್ಸಾ. ಇವುಗಳಲ್ಲಿ ತುಳಸಿ ಮತ್ತು ವಿಹಾರ್ ಮಾತ್ರ ನಗರದ ಒಳಗಿವೆ. ಅವುಗಳಿಂದ ಸಿಗೋದು ತೀರಾ ಸಣ್ಣ ಪಾಲು. ಉಳಿದದ್ದೆಲ್ಲ ನಗರದಿಂದ ನೂರು ಕಿಲೋಮೀಟರ್ ಆಸುಪಾಸಿನ ಬೆಟ್ಟಗಾಡಿನಿಂದ ಬರಬೇಕು. ಠಾಣೆ ಜಿಲ್ಲೆಯ ಶಹಾಪುರ ತಾಲ್ಲೂಕು, ಅದರ ಪಕ್ಕದ ಮೊಖಾಡಾ, ವಾಡಾ, ನಾಸಿಕ್ ಜಿಲ್ಲೆಯ ಇಗತ್‌ಪುರಿ. ದಿನಕ್ಕೆ ಎಷ್ಟು? ಸುಮಾರು 385 ಕೋಟಿ ಲೀಟರ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾತ್ಸಾ ಒಂದರಿಂದಲೇ.

ಈಗ ಇನ್ನೊಂದು ಪ್ರಶ್ನೆ. ಇಷ್ಟು ನೀರು ಕೊಡುವ ಶಹಾಪುರದ ಹಳ್ಳಿಗಳು ಬೇಸಿಗೆಯಲ್ಲಿ ಏನು ಕುಡಿಯುತ್ತವೆ?

ಟ್ಯಾಂಕರ್ ನೀರು. ಹೌದು, ಪ್ರತಿ ವರ್ಷ ಮಾರ್ಚ್ ಬಂತು ಅಂದ್ರೆ ಅಲ್ಲಿನ ಹಳ್ಳಿಗಳಿಗೆ ಸರ್ಕಾರ ಟ್ಯಾಂಕರ್ ಕಳಿಸೋಕೆ ಶುರು ಮಾಡುತ್ತೆ. ಟ್ಯಾಂಕರ್ ಬಂದು ಬಾವಿಗೆ ನೀರು ಸುರಿಯುತ್ತೆ. ಹೆಂಗಸರು, ಹೆಣ್ಣುಮಕ್ಕಳು ಬಿಂದಿಗೆ ಹಿಡಿದು ಮುಗಿಬೀಳ್ತಾರೆ. ಅಣೆಕಟ್ಟು ಕಣ್ಣಿಗೆ ಕಾಣುತ್ತೆ. ಮುಂಬೈಗೆ ಹೋಗುವ ಆಳೆತ್ತರದ ಪೈಪು ಊರ ಪಕ್ಕದಲ್ಲೇ ಹಾದುಹೋಗುತ್ತೆ. ಬಿಂದಿಗೆ ಮಾತ್ರ ಖಾಲಿ.

ನಗರೀಕರಣ ಅಂದಾಗ ನಮ್ಮ ಕಣ್ಣ ಮುಂದೆ ಬರೋದು ಏನು? ಅಪಾರ್ಟ್‌ಮೆಂಟು, ಫ್ಲೈಓವರು, ಮೆಟ್ರೋ, ಊರಂಚಿನ ಲೇಔಟು. ಅದು ನಗರದ ಮೈ ಮಾತ್ರ. ನಗರಕ್ಕೆ ಕೈಗಳೂ ಇವೆ ಸ್ವಾಮಿ. ಅವು ನಕ್ಷೆಯಲ್ಲಿ ಕಾಣೋದಿಲ್ಲ. ನೂರಾರು ಕಿಲೋಮೀಟರ್ ಚಾಚಿ ನೀರು ತಗೊಳ್ಳುತ್ತೆ, ಮಣ್ಣು ತಗೊಳ್ಳುತ್ತೆ, ಮನುಷ್ಯರನ್ನೂ ತಗೊಳ್ಳುತ್ತೆ. ಆ ಕೈ ಮೊದಲು ಮುಟ್ಟೋದು ಯಾರನ್ನ ಅಂದ್ರೆ, ಎದ್ದು ನಿಂತು ಕೇಳುವ ಶಕ್ತಿ ಯಾರಿಗೆ ಕಡಿಮೆಯೋ ಅವರನ್ನ. ಮುಂಬೈ ವಿಷಯದಲ್ಲಿ ಅವರು ಆದಿವಾಸಿಗಳು. ವಾರ್ಲಿಗಳು, ಕಾತ್ಕರಿಗಳು, ಮಹಾದೇವ ಕೋಳಿಗಳು, ಠಾಕೂರರು.

ವಾರ್ಲಿ ಅಂದ ಕೂಡಲೇ ನಿಮಗೆ ಚಿತ್ರ ನೆನಪಾಗಿರಬೇಕು. ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಎರಡು ತ್ರಿಕೋನ ಸೇರಿಸಿದರೆ ಒಬ್ಬ ಮನುಷ್ಯ. ಕೈಕೈ ಹಿಡಿದು ಸುತ್ತುಗಟ್ಟಿ ಕುಣಿಯುವ ಜನ. ನಮ್ಮ ಕಡೆಯೂ ಈ ಚಿತ್ರ ಎಲ್ಲಿಲ್ಲ ಹೇಳಿ. ಕುರ್ತಾ ಮೇಲಿದೆ, ಕಾಫಿ ಕಪ್ಪಿನ ಮೇಲಿದೆ, ಶಾಲೆಯ ಕಾಂಪೌಂಡ್ ಮೇಲಿದೆ. ಈ ಕಲೆಯನ್ನು ಲೋಕಕ್ಕೆ ತೋರಿಸಿದವರಲ್ಲಿ ಮುಖ್ಯರಾದವರು ಜಿವ್ಯಾ ಸೋಮಾ ಮ್ಹಶೆ. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚಿತ್ರ ನಮ್ಮ ಡ್ರಾಯಿಂಗ್ ರೂಮಿಗೆ ಬಂತು. ಚಿತ್ರ ಬರೆದವರ ಗೋಡೆ ಏನಾಯಿತು ಅಂತ ಮಾತ್ರ ನಾವು ಕೇಳಲಿಲ್ಲ.

ಸರಿ, ನೀರಿನ ಕತೆಗೆ ಬರೋಣ. ಇದು ಇವತ್ತು ನಿನ್ನೆ ಶುರುವಾದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಬೊಂಬಾಯಿ ಬೆಳೆಯೋಕೆ ಶುರುವಾಯಿತು, ಬಾವಿ ಕೆರೆಗಳು ಸಾಲದೇ ಹೋದವು. 1860ರಲ್ಲಿ ವಿಹಾರ್ ಕೆರೆ ಆಯಿತು. ಸಾಲಲಿಲ್ಲ. 1879ರಲ್ಲಿ ತುಳಸಿ. ಸಾಲಲಿಲ್ಲ. 1892ರಲ್ಲಿ ದೂರದ ತಾನ್ಸಾ. ಸ್ವಾತಂತ್ರ್ಯ ಬಂದ ಮೇಲೆ 1957ರಲ್ಲಿ ಮೋಡಕ್ ಸಾಗರ. ಆಮೇಲೆ ಮೇಲ್ ವೈತರಣಾ, ಭಾತ್ಸಾ. 2014ರಲ್ಲಿ ಮಧ್ಯ ವೈತರಣಾ. ಗಮನಿಸಿ, ಪ್ರತಿ ಸಲವೂ ನಗರ ಒಂದೊಂದು ಹೆಜ್ಜೆ ಮುಂದಕ್ಕೆ ಕೈ ಚಾಚಿದೆ. ಪ್ರತಿ ಸಲವೂ ಮುಳುಗಿದ್ದು ಕಣಿವೆ. ಕಣಿವೆಯಲ್ಲೇ ತಾನೇ ಒಳ್ಳೇ ಗದ್ದೆ ಇರೋದು? ಗದ್ದೆ ಮುಳುಗಿತು, ಜನ ಬೆಟ್ಟದ ಓರೆಗೆ ಹತ್ತಿದರು.

ಅಲ್ಲಾ, ಅಷ್ಟು ಮಳೆ ಬೀಳುವ ಜಾಗದಲ್ಲಿ ನೀರಿಗೆ ಬರ ಯಾಕೆ? ಈ ಅನುಮಾನ ಸಹಜ. ಶಹಾಪುರದಲ್ಲಿ ವರ್ಷಕ್ಕೆ 2,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುತ್ತೆ, ನಮ್ಮ ಮಲೆನಾಡಿನ ಹಾಗೆ. ಆದರೆ ಅಲ್ಲಿ ನೆಲದಡಿ ಇರೋದು ಕರಿಯ ಬಸಾಲ್ಟ್ ಬಂಡೆ. ನೀರು ಕೆಳಗೆ ಇಂಗೋದಿಲ್ಲ, ಓಡುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದು ಹಳ್ಳ ಹಿಡಿದು ಅಣೆಕಟ್ಟಿಗೆ ಸೇರುತ್ತೆ. ಬಾವಿಗಳು ಜನವರಿ, ಫೆಬ್ರವರಿಗೆ ತಳ ಕಾಣುತ್ತವೆ. ಕೊಳವೆ ಬಾವಿ ಕೊರೆದರೂ ಎಲ್ಲ ಕಡೆ ನೀರು ಸಿಗೋದಿಲ್ಲ. ಅಂದ್ರೆ ಆ ನಾಡಿಗೆ ಬೇಸಿಗೆಯ ಆಸರೆ ಅಂತ ಇರೋದೇ ಅಣೆಕಟ್ಟಿನಲ್ಲಿ ನಿಂತ ನೀರು. ಅದು ಮುಂಬೈ ಹೆಸರಿಗೆ ಬರೆದಾಗಿದೆ.

ಅಣೆಕಟ್ಟು ಕೆಳಗಡೆ, ಪಾಡಾಗಳು ಮೇಲ್ಗಡೆ. ಪಾಡಾ ಅಂದ್ರೆ ಆದಿವಾಸಿಗಳ ಸಣ್ಣ ಗುಂಪು ಮನೆಗಳು. ಕೊಡಗು, ಎಚ್.ಡಿ. ಕೋಟೆ ಕಡೆ ಹಾಡಿ ಅಂತೀವಲ್ಲ, ಆ ಥರ. ಇಪ್ಪತ್ತು ಮನೆ ಇಲ್ಲೊಂದು, ಮೂವತ್ತು ಮನೆ ಅಲ್ಲೊಂದು. ಅಲ್ಲಿಗೆ ನೀರು ಎತ್ತಬೇಕು ಅಂದ್ರೆ ಪಂಪು ಬೇಕು, ಕರೆಂಟು ಬೇಕು, ಆ ಕರೆಂಟಿನ ಬಿಲ್ ಕಟ್ಟೋಕೆ ಗ್ರಾಮ ಪಂಚಾಯ್ತಿಯ ಹತ್ತಿರ ದುಡ್ಡು ಬೇಕು. ಪಂಚಾಯ್ತಿ ಹತ್ತಿರ ಎಲ್ಲಿದೆ ದುಡ್ಡು? ಇಗತ್‌ಪುರಿ ಕಡೆಯ ಭಾವಲಿ ಅಣೆಕಟ್ಟಿನಿಂದ ಇಳಿಜಾರಿನಲ್ಲೇ ಶಹಾಪುರದ ಹಳ್ಳಿಗಳಿಗೆ ನೀರು ಹರಿಸುವ ಯೋಜನೆಯೊಂದು ಇದೆ. ಒಳ್ಳೆಯ ಯೋಜನೆ. ಅದು ಕಾಗದದಿಂದ ನಲ್ಲಿಗೆ ಬರೋದಕ್ಕೆ ಎಷ್ಟು ವರ್ಷ ತಗೊಂಡಿದೆ ಅನ್ನೋದನ್ನ ಅಲ್ಲಿನ ಹೆಂಗಸರು ಬೆರಳು ಮಡಿಚಿ ಲೆಕ್ಕ ಹಾಕ್ತಾರೆ. 1892ರಲ್ಲಿ, ಎತ್ತಿನ ಗಾಡಿ ಕಾಲದಲ್ಲಿ, ತಾನ್ಸಾದಿಂದ ಬೊಂಬಾಯಿಗೆ ನೀರು ಮುಟ್ಟಿಸೋಕೆ ಸಾಧ್ಯ ಆಯಿತು. ಈಗ ಪಕ್ಕದ ಪಾಡಾಗೆ ಮುಟ್ಟಿಸೋದು ಕಷ್ಟ!

ಇದರಲ್ಲಿ ಇನ್ನೊಂದು ಸುಳಿಯಿದೆ. ತಾನ್ಸಾ ಸುತ್ತ ಕಾಡಿದೆ. ಅದು ವನ್ಯಜೀವಿ ಧಾಮ. ಕಾಡು ಉಳಿದರೆ ಕೆರೆಗೆ ಹೂಳು ಬರೋದಿಲ್ಲ, ನೀರು ಚೆನ್ನಾಗಿರುತ್ತೆ, ನಗರಕ್ಕೆ ಲಾಭ. ಕಾಡು ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡು ಕಾಯುವ ಕಷ್ಟ ಯಾರ ತಲೆ ಮೇಲೆ? ಸೌದೆ ತಂದರೆ ತಕರಾರು, ಹೊಲ ಉತ್ತರೆ ತಕರಾರು ಅನ್ನೋ ಪಾಡು ಆದಿವಾಸಿಯದ್ದು. ನಗರಕ್ಕೆ ನೀರು ಬೇಕು, ನೀರಿಗೆ ಕಾಡು ಬೇಕು, ಕಾಡಿನಲ್ಲಿರುವ ಮನುಷ್ಯ ಮಾತ್ರ ಬೇಡ!

ನೀರು ಹೋಯಿತು. ಆಮೇಲೆ ಮನುಷ್ಯ ಹೋಗ್ತಾನೆ. ಹೇಗೆ ಅಂತ ಹೇಳ್ತೀನಿ ಕೇಳಿ.

ಬೆಟ್ಟದ ಓರೆಯಲ್ಲಿ ಒಂದೇ ಬೆಳೆ. ಮಳೆಗಾಲದಲ್ಲಿ ಭತ್ತ, ಇಲ್ಲಾ ರಾಗಿ. ಅಲ್ಲಿ ನಾಚಣಿ ಅಂತಾರೆ, ನಮ್ಮದೇ ರಾಗಿ. ದೀಪಾವಳಿ ಹೊತ್ತಿಗೆ ಕೊಯ್ಲು ಮುಗಿಯಿತು. ಎರಡನೇ ಬೆಳೆಗೆ ನೀರಿಲ್ಲ. ಮನೆಯಲ್ಲಿ ಕಾಳು ನಾಲ್ಕು ತಿಂಗಳಿಗೂ ಸಾಲೋದಿಲ್ಲ. ಆಗ ಇಟ್ಟಿಗೆ ಭಟ್ಟಿಯವನು ಬರ್ತಾನೆ. ಮುಂಗಡ ಕೊಡ್ತಾನೆ. ಮದುವೆಗೋ, ಆಸ್ಪತ್ರೆಗೋ, ಹಬ್ಬಕ್ಕೋ ದುಡ್ಡು ಬೇಕಿರುತ್ತೆ, ತಗೋತಾರೆ. ಗಂಡ ಹೆಂಡತಿ ಮಕ್ಕಳ ಸಮೇತ ಪಾತ್ರೆ ಪಡಗ ಕಟ್ಟಿಕೊಂಡು ಭಿವಂಡಿ, ಕಲ್ಯಾಣ ಕಡೆಯ ಭಟ್ಟಿಗಳಿಗೆ ಹೊರಡ್ತಾರೆ. ಇವರಲ್ಲಿ ಹೆಚ್ಚಿನವರು ಕಾತ್ಕರಿಗಳು. ಕೇಂದ್ರ ಸರ್ಕಾರವೇ ಇವರನ್ನ ವಿಶೇಷ ದುರ್ಬಲ ಬುಡಕಟ್ಟು ಅಂತ ಗುರುತಿಸಿದೆ. ಕಗ್ಗಲಿ ಮರದಿಂದ ಕಾಚು ತೆಗೆಯೋದು ಇವರ ಹಳೇ ಕಸುಬು, ಹೆಸರು ಬಂದದ್ದೂ ಅದರಿಂದಲೇ. ಕಾಡು ಕೈತಪ್ಪಿತು, ಕಸುಬು ಹೋಯಿತು, ಹೆಸರು ಉಳಿಯಿತು.

ಭಟ್ಟಿಯಲ್ಲಿ ಕೂಲಿ ದಿನದ ಲೆಕ್ಕ ಅಲ್ಲ. ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಗಂಡ ಹೆಂಡತಿ ಸೇರಿದರೆ ಒಂದು ಜೋಡಿ, ಜೋಡಿಗೆ ಒಂದು ಲೆಕ್ಕ. ಮಕ್ಕಳು ಕೈಹಾಕಿದರೆ ಅದು ಲೆಕ್ಕಕ್ಕಿಲ್ಲ. ವಾರಕ್ಕೊಮ್ಮೆ ಊಟದ ಖರ್ಚಿಗೆ ಸ್ವಲ್ಪ ಕೊಟ್ಟು, ಉಳಿದದ್ದನ್ನ ಮುಂಗಡಕ್ಕೆ ವಜಾ ಮಾಡ್ತಾರೆ. ಮೇ ಕೊನೆಗೆ ಲೆಕ್ಕ ನೋಡಿದರೆ ಎಷ್ಟೋ ಸಲ ಬಾಕಿ ಉಳಿದಿರುತ್ತೆ. ಮುಂದಿನ ವರ್ಷ ಮತ್ತೆ ಅದೇ ಭಟ್ಟಿ. ಜೀತ ಪದ್ಧತಿಯನ್ನ ರದ್ದು ಮಾಡಿದ ಕಾನೂನು ಬಂದದ್ದು 1976ರಲ್ಲಿ. ಕಾನೂನಿನಲ್ಲಿ ಜೀತ ಹೋಗಿದೆ. ಮುಂಗಡ ಅನ್ನೋ ಹೆಸರಿನಲ್ಲಿ ಅದು ಬದುಕಿದೆ.

ಈಗ ಒಟ್ಟು ಚಿತ್ರ ನೋಡಿ. ಆ ಕುಟುಂಬದ ಕಣಿವೆಯ ನೀರು ಮುಂಬೈಗೆ ಹೋಯಿತು. ನೀರಿಲ್ಲದ್ದಕ್ಕೆ ಆ ಕುಟುಂಬ ಭಟ್ಟಿಗೆ ಹೋಯಿತು. ಭಟ್ಟಿಯ ಇಟ್ಟಿಗೆ ಮುಂಬೈ ಸುತ್ತಮುತ್ತ ಕಟ್ಟಡ ಆಯಿತು. ಆ ಕಟ್ಟಡಕ್ಕೆ ಮತ್ತೆ ನೀರು ಬೇಕಾಯಿತು. ಆ ನೀರು ಎಲ್ಲಿಂದ? ಅದೇ ಕಣಿವೆಯಿಂದ. ನಗರೀಕರಣ ಅನ್ನೋ ಗಾಣ ತಿರುಗೋದು ಹೀಗೆ. ನವೆಂಬರ್‌ನಿಂದ ಮೇವರೆಗೆ ಮಕ್ಕಳು ಊರಿನಲ್ಲಿ ಇಲ್ಲ ಅಂದ್ರೆ ಶಾಲೆಯ ಹಾಜರಿ ಏನಾಗುತ್ತೆ? ಊರಿನಲ್ಲಿ ದೊಡ್ಡವರೇ ಇಲ್ಲ ಅಂದ್ರೆ ಗ್ರಾಮಸಭೆಗೆ ಬರೋರು ಯಾರು? ಅಣೆಕಟ್ಟು ಬೇಡ, ಇಲ್ಲಾ ಬೇಕು, ಅಂತ ಹೇಳೋರು ಯಾರು? ಈ ಪ್ರಶ್ನೆಗಳನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಷ್ಟು ಹೊತ್ತು ಹೇಳಿದ್ದು ನಗರ ದೂರದಿಂದ ಕೈ ಚಾಚಿದ ಕತೆ. ನಗರವೇ ಎದ್ದು ಮನೆ ಬಾಗಿಲಿಗೆ ಬಂದರೆ ಏನಾಗುತ್ತೆ? ಅದಕ್ಕೆ ಆರೆ ಉದಾಹರಣೆ.

ಆರೆ ಇರೋದು ಮುಂಬೈನ ಗೋರೆಗಾಂವ್ ಪಕ್ಕ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡು. 1949ರಲ್ಲಿ ಅಲ್ಲಿ ಸರ್ಕಾರ ಹಾಲಿನ ಕಾಲೊನಿ ಮಾಡಿತು. ನಗರದೊಳಗಿದ್ದ ಎಮ್ಮೆ ಕೊಟ್ಟಿಗೆಗಳನ್ನ ಅಲ್ಲಿಗೆ ಸಾಗಿಸಿತು. ಸುಮಾರು 3,000 ಎಕರೆ. ಆ ಜಾಗ ಖಾಲಿ ಇತ್ತಾ? ಇರಲಿಲ್ಲ. ಅಲ್ಲಿ ಆದಿವಾಸಿಗಳ 27 ಪಾಡಾಗಳಿವೆ. ವಾರ್ಲಿ, ಕೋಕಣಾ, ಮಲ್ಹಾರ ಕೋಳಿ, ಕಾತ್ಕರಿ. ಹಾಲಿನ ಕಾಲೊನಿ ಬರುವ ಮೊದಲಿನಿಂದಲೂ ನಮ್ಮ ಹಿರಿಯರು ಇಲ್ಲಿದ್ದರು ಅಂತಾರೆ ಅವರು. ಆಮೇಲೆ ಫಿಲ್ಮ್ ಸಿಟಿ ಬಂತು, ಇನ್ನೇನೇನೋ ಸಂಸ್ಥೆಗಳು ಬಂದವು. ಒಂದೊಂದಕ್ಕೂ ಒಂದೊಂದು ತುಂಡು ಜಾಗ. ಪಾಡಾದವರು ಎಲ್ಲಿಗೂ ಹೋಗಲಿಲ್ಲ. ನಗರವೇ ಅವರ ಸುತ್ತ ಬಂದು ನಿಂತಿತು.

ಕೊನೆಗೆ ಬಂದದ್ದು ಮೆಟ್ರೋ ಮೂರನೇ ಮಾರ್ಗದ ಡಿಪೋ. ಸುಮಾರು 30 ಹೆಕ್ಟೇರ್ ಜಾಗ ಕೇಳಿದರು. 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ಮರ ಕಡಿಯೋದನ್ನ ಪ್ರಶ್ನಿಸಿದ ಅರ್ಜಿಗಳನ್ನ ತಳ್ಳಿಹಾಕಿತು. ಆರೆಯನ್ನ ಅರಣ್ಯ ಅಂತ ಘೋಷಿಸಿ ಅನ್ನೋ ಅರ್ಜಿಯೂ ಬಿತ್ತು. ಅವತ್ತು ರಾತ್ರಿಯೇ ಗರಗಸ ಓಡಿತು. 144ನೇ ಸೆಕ್ಷನ್ ಜಾರಿ, ತಡೆಯೋಕೆ ಹೋದ 29 ಜನರ ಬಂಧನ. ಅಕ್ಟೋಬರ್ 7ಕ್ಕೆ ಸುಪ್ರೀಂ ಕೋರ್ಟ್ ನಿಲ್ಲಿಸಿ ಅಂತು. ಅಷ್ಟರಲ್ಲಿ 2,141 ಮರ ಬಿದ್ದಾಗಿತ್ತು. 2020ರಲ್ಲಿ ಸರ್ಕಾರ ಬದಲಾಗಿತ್ತು, ಡಿಪೋ ಕಾಂಜೂರ್‌ಮಾರ್ಗಕ್ಕೆ ಅಂದರು, ಆರೆಯ 800ಕ್ಕೂ ಹೆಚ್ಚು ಎಕರೆಯನ್ನ ಮೀಸಲು ಅರಣ್ಯ ಅಂದರು. 2022ರಲ್ಲಿ ಮತ್ತೆ ಸರ್ಕಾರ ಬದಲಾಯಿತು, ಡಿಪೋ ಮತ್ತೆ ಆರೆಗೇ ಅಂದರು. ಆ ವರ್ಷ ನವೆಂಬರ್‌ನಲ್ಲಿ 84 ಮರ ಕಡಿಯೋಕೆ ಅನುಮತಿ ಕೇಳಿ ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ಅದನ್ನ ಮೀರಿ 177ಕ್ಕೆ ಹೋದದ್ದಕ್ಕೆ 2023ರ ಏಪ್ರಿಲ್‌ನಲ್ಲಿ ಮೆಟ್ರೋ ನಿಗಮಕ್ಕೆ 10 ಲಕ್ಷ ರೂಪಾಯಿ ದಂಡ ಹಾಕಿತು. ದಂಡವೂ ಬಿತ್ತು, 177 ಮರ ತೆಗೆಯೋದಕ್ಕೆ ಒಪ್ಪಿಗೆಯೂ ಸಿಕ್ಕಿತು. 2024ರ ಅಕ್ಟೋಬರ್‌ನಲ್ಲಿ ಆರೆಯಿಂದಲೇ ಮೆಟ್ರೋ ಹೊರಟಿತು.

ಟಿವಿಯಲ್ಲಿ ನಾವೆಲ್ಲ ಇದನ್ನ ಮರ ವರ್ಸಸ್ ಮೆಟ್ರೋ ಅಂತ ತೋರಿಸಿದೆವು. ಪಾಡಾದ ಮನುಷ್ಯ ಆ ಚರ್ಚೆಯಲ್ಲಿ ಎಲ್ಲಿದ್ದ? ಯೋಜನೆಗಾಗಿ ಪ್ರಜಾಪುರ ಪಾಡಾದ ಕುಟುಂಬಗಳು ಮನೆ ಬಿಡಬೇಕಾಯಿತು. ಅವರಿಗೆ ಸಿಕ್ಕಿದ್ದು ಕೊಳೆಗೇರಿ ಪುನರ್ವಸತಿಯ ಫ್ಲ್ಯಾಟ್. ಯೋಚನೆ ಮಾಡಿ. ಮನೆ ಸುತ್ತ ತರಕಾರಿ ಬೆಳೆದು, ಹಿತ್ತಲಿನ ಹಲಸು ಮಾವು ಮಾರಿ, ಕೋಳಿ ಸಾಕಿ ಬದುಕುತ್ತಿದ್ದವರು ಅವರು. ನಗರದ ಕಣ್ಣಿಗೆ ಅವರು ಕೊಳೆಗೇರಿಯವರು. ಕಡತದಲ್ಲಿ ಅವರ ಗುಡಿಸಲಿನ ಅಳತೆ ಇದೆ. ಹೊಲದ ಅಳತೆ ಇಲ್ಲ, ಮರದ ಲೆಕ್ಕ ಇಲ್ಲ, ದೇವರ ಕಲ್ಲಿನ ಲೆಕ್ಕ ಇಲ್ಲ. ಮೂರನೇ ಮಹಡಿಯ ಒಂದು ಕೋಣೆಯಲ್ಲಿ ರಾಗಿ ಬೆಳೆಯೋಕೆ ಆಗುತ್ತಾ?

ದೇವರ ಕಲ್ಲು ಅಂದೆನಲ್ಲ, ಅದರದ್ದೂ ಒಂದು ಅರ್ಥ ಇದೆ. ವಾರ್ಲಿಗಳ ದೇವರು ವಾಘೋಬಾ. ಹುಲಿ, ಚಿರತೆಯ ರೂಪದ ದೇವರು. ನಮ್ಮ ಸೋಲಿಗರಿಗೆ ಹುಲಿವೀರಪ್ಪ, ತುಳುನಾಡಿಗೆ ಪಿಲಿಚಾಮುಂಡಿ ಇರುವ ಹಾಗೆ. ಸಂಜಯ್ ಗಾಂಧಿ ಉದ್ಯಾನ ಮತ್ತು ಆರೆ ಸುತ್ತಮುತ್ತ ಸುಮಾರು 50 ಚಿರತೆಗಳಿವೆ. ಇಷ್ಟು ದೊಡ್ಡ ನಗರದ ನಡುವೆ! ಪಾಡಾದವರು ಅದಕ್ಕೆ ಹೊಂದಿಕೊಂಡು ಬದುಕೋದು ಕಲಿತಿದ್ದಾರೆ. ಸಂಜೆ ಮೇಲೆ ಮಕ್ಕಳನ್ನ ಒಂಟಿಯಾಗಿ ಬಿಡೋದಿಲ್ಲ. ಚಿರತೆ ಓಡಾಡುವ ದಾರಿ ಯಾವುದು ಅಂತ ಗೊತ್ತು. ಚಿರತೆ ಕಂಡ ಕೂಡಲೇ "ಹಿಡಿದು ಒಯ್ಯಿರಿ" ಅಂತ ಫೋನ್ ಮಾಡೋದು ಹೊಸದಾಗಿ ಬಂದ ಟವರುಗಳವರು. ಪಾಡಾ ಖಾಲಿಯಾದರೆ ಹೋಗೋದು ನಾಲ್ಕು ಗುಡಿಸಲು ಮಾತ್ರ ಅಂದುಕೊಳ್ಳಬೇಡಿ. ಕಾಡಿನ ಜತೆ ಹೇಗಿರಬೇಕು ಅನ್ನೋ ತಿಳಿವಳಿಕೆಯೂ ಹೋಗುತ್ತೆ.

ಪರಿಸರದ ಪೆಟ್ಟು ನಗರಕ್ಕೇ ವಾಪಸ್ ಬೀಳುತ್ತೆ. ಮುಂಬೈನ ಮೀಠಿ ನದಿಗೆ ನೀರು ಸೇರೋದು ವಿಹಾರ್ ಕೆರೆಯ ಕೋಡಿಯಿಂದ, ಆರೆ ಕಡೆಯ ಹಳ್ಳಗಳಿಂದ. ಮೇಲೆ ಮರ, ಹುಲ್ಲು ಇದ್ದರೆ ಮಳೆ ನೀರನ್ನ ಸ್ವಲ್ಪ ಹಿಡಿದು ಬಿಡುತ್ತೆ. ಕಾಂಕ್ರೀಟ್ ಆದರೆ ಒಂದೇ ಸಲ ಕೆಳಗೆ ನುಗ್ಗುತ್ತೆ. 2005ರ ಜುಲೈ 26 ನೆನಪಿದೆಯಾ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಮೀಠಿ ಉಕ್ಕಿತು, ನಗರ ಮುಳುಗಿತು, ನೂರಾರು ಜನ ಸತ್ತರು. ಅಂಥ ಮಳೆಯನ್ನ ಯಾವ ಕಾಡೂ ಪೂರ್ತಿ ತಡೆಯಲಾರದು, ನಿಜ. ಆದರೆ ನದಿಯ ದಂಡೆಯನ್ನ ಒತ್ತಿ, ಅದರ ತಲೆಯ ಮೇಲಿನ ಹಸಿರನ್ನೂ ತೆಗೆದರೆ ಉಳಿಯೋದೇನು?

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ, ಒಳ್ಳೆಯ ಕಾನೂನುಗಳೇ ಇವೆ. 1996ರ ಪೆಸಾ ಕಾಯ್ದೆ ಹೇಳೋದೇನು? ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಲ್ಲಿ ಭೂಸ್ವಾಧೀನಕ್ಕೆ ಮೊದಲು ಗ್ರಾಮಸಭೆಯನ್ನೋ ಪಂಚಾಯ್ತಿಯನ್ನೋ ಕೇಳಬೇಕು. ಶಹಾಪುರ, ಮೊಖಾಡಾ, ವಾಡಾ ಈ ಪಟ್ಟಿಯಲ್ಲಿವೆ. ಆದರೆ ಗ್ರಾಮಸಭೆ ನಡೆಯೋ ಹೊತ್ತಿಗೆ ಅರ್ಧ ಊರು ಭಟ್ಟಿಯಲ್ಲಿದ್ದರೆ? ಆಗಲೇ ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಇನ್ನು ಆರೆ. ಅದು ಮುಂಬೈ ನಗರದೊಳಗೆ, ಐದನೇ ಅನುಸೂಚಿಗೆ ಬರೋದೇ ಇಲ್ಲ. ಪೆಸಾ ಅಲ್ಲಿಗೆ ಅನ್ವಯಿಸೋದಿಲ್ಲ. ಅದೇ ಮನುಷ್ಯ, ಅದೇ ಜಾತಿ ಪ್ರಮಾಣಪತ್ರ, ಅದೇ ದೇವರು. ನಗರದ ಗಡಿ ಅವನ ಮನೆ ದಾಟಿ ಮುಂದೆ ಹೋಯಿತು ಅನ್ನೋ ಒಂದೇ ಕಾರಣಕ್ಕೆ ಅವನಿಗೆ ಆ ರಕ್ಷಣೆ ಇಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಎರಡೂ ಕಡೆ ಅನ್ವಯಿಸುತ್ತೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅರಣ್ಯ ಭೂಮಿಯಲ್ಲಿ ಬದುಕುತ್ತಿರುವ ಆದಿವಾಸಿಗೆ ಹಕ್ಕುಪತ್ರ ಕೊಡಬೇಕು ಅನ್ನುತ್ತೆ. ಆದರೆ ಮೊದಲು ಅದು ಅರಣ್ಯ ಅಂತ ಒಪ್ಪಬೇಕಲ್ಲ! ಕಟ್ಟಡ ಕಟ್ಟೋಕೆ ಹೊರಟಾಗ "ಇದು ಕಾಡಲ್ಲ, ಹಾಲಿನ ಕಾಲೊನಿ" ಅಂತಾರೆ. ಗುಡಿಸಲು ರಿಪೇರಿಗೆ, ಕರೆಂಟಿಗೆ, ನಲ್ಲಿಗೆ ಅರ್ಜಿ ಹಾಕಿದರೆ ಒಂದು ಇಲಾಖೆ ಇನ್ನೊಂದು ಇಲಾಖೆಯ ಕಡೆ ಕೈ ತೋರಿಸುತ್ತೆ. ಏಳು ದಶಕ ಆಡಿದ್ದು ಇದೇ ಆಟ.

ಈಗ ನೀವು ಕೇಳಬಹುದು. ಹಾಗಾದ್ರೆ ಮುಂಬೈನವರು ನೀರು ಕುಡಿಯಬಾರದಾ? ಮೆಟ್ರೋ ಬೇಡವಾ? ನ್ಯಾಯವಾದ ಪ್ರಶ್ನೆ. 2011ರ ಜನಗಣತಿಯಲ್ಲೇ ಮುಂಬೈ ಜನಸಂಖ್ಯೆ 1.24 ಕೋಟಿ. ಅದರಲ್ಲಿ ಕೊಳೆಗೇರಿಯ ಬಡವರಿದ್ದಾರೆ, ಅವರಿಗೂ ನೀರು ಸಾಲುತ್ತಿಲ್ಲ. ನಮ್ಮವರೂ ಇದ್ದಾರೆ. ಉಡುಪಿ, ದಕ್ಷಿಣ ಕನ್ನಡದಿಂದ ಹೋಗಿ ಮಾತುಂಗಾದಲ್ಲಿ ಹೋಟೆಲ್ ಕಟ್ಟಿದವರು, ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದವರು. ಆ ಹೋಟೆಲಿನ ಟೇಬಲ್ ಮೇಲೆ ಮೊದಲು ಬಂದು ಕೂರುವ ನೀರಿನ ಲೋಟವೂ ಶಹಾಪುರದ ಕಡೆಯದ್ದೇ. ಮೆಟ್ರೋ ಬಂದರೆ ರಸ್ತೆಯ ಕಾರು ಕಡಿಮೆಯಾಗಿ ಗಾಳಿ ಸುಧಾರಿಸುತ್ತೆ ಅನ್ನೋದೂ ಸುಳ್ಳಲ್ಲ. ನಗರ ಬೇಡ ಅಂತ ಯಾರೂ ಹೇಳ್ತಿಲ್ಲ. ಲೆಕ್ಕ ಸರಿಯಾಗಿ ಬರೀರಿ ಅಂತ ಕೇಳ್ತಿರೋದು.

ಒಂದು ಲೆಕ್ಕ ನಾನೇ ಕೊಡ್ತೀನಿ. ಮುಂಬೈಗೆ ಇನ್ನೊಂದು ಅಣೆಕಟ್ಟು ಬೇಕಂತೆ. ಪಾಲ್ಘರ್ ಜಿಲ್ಲೆ ವಾಡಾ ತಾಲ್ಲೂಕಿನ ಗಾರ್ಗೈ ನದಿಗೆ. ಅದು ಕೊಡೋದು ದಿನಕ್ಕೆ 44 ಕೋಟಿ ಲೀಟರ್. ಅದಕ್ಕಾಗಿ ಆದಿವಾಸಿಗಳ ಆರು ಹಳ್ಳಿಗಳು ಜಾಗ ಬಿಡಬೇಕು. ತಾನ್ಸಾ ಧಾಮದ ಕಾಡಿನಲ್ಲಿ ಲಕ್ಷಗಟ್ಟಲೆ ಮರ ಹೋಗಬೇಕು. ಸರಿ, ಈಗ ಬರ್ತಿರೋ 385 ಕೋಟಿ ಲೀಟರ್ ಏನಾಗ್ತಿದೆ? ಸೋರಿಕೆ, ಕಳ್ಳತನ, ಲೆಕ್ಕಕ್ಕೆ ಸಿಗದ ನೀರು ಎಲ್ಲ ಸೇರಿದರೆ ಮೂರನೇ ಒಂದು ಭಾಗದ ಆಸುಪಾಸು ಅನ್ನೋದು ವರ್ಷಗಳಿಂದ ಕೇಳಿಬರುತ್ತಿರುವ ಅಂದಾಜು. ಅಂದ್ರೆ ದಿನಕ್ಕೆ ನೂರು ಕೋಟಿ ಲೀಟರ್‌ಗೂ ಹೆಚ್ಚು. ಅದರಲ್ಲಿ ಅರ್ಧ ಉಳಿಸಿದರೂ ಗಾರ್ಗೈ ಬೇಕಾಗೋದಿಲ್ಲ! ಮುಂಬೈ ಮೇಲೆ ಬೀಳೋ ಮಳೆ ಏನು ಕಡಿಮೆಯಾ? ವರ್ಷಕ್ಕೆ 2,000 ಮಿಲಿಮೀಟರ್ ದಾಟುತ್ತೆ. ಅದರಲ್ಲಿ ಬಹುಪಾಲು ಚರಂಡಿ ಹಿಡಿದು ಸಮುದ್ರ ಸೇರುತ್ತೆ. ಹಳೇ ಪೈಪು ರಿಪೇರಿ ಮಾಡೋದಕ್ಕಿಂತ ಹೊಸ ಕಾಡು ಮುಳುಗಿಸೋದು ಸುಲಭ ಅಂತ ಯಾಕೆ ಅನ್ನಿಸುತ್ತೆ? ಪೈಪು ರಿಪೇರಿಗೆ ನಗರದ ರಸ್ತೆ ಅಗೀಬೇಕು, ನಗರದವರು ಬೈತಾರೆ. ಕಾಡಿನವರು ಬೈದರೆ ಕೇಳಿಸೋದಿಲ್ಲ.

ನನ್ನ ಪ್ರಕಾರ ನಿಯಮ ಒಂದೇ ಇರಬೇಕು. ನೀರು ಎಲ್ಲಿ ಹುಟ್ಟುತ್ತೋ ಅಲ್ಲಿನವರದ್ದು ಮೊದಲ ಬಿಂದಿಗೆ. ಅಣೆಕಟ್ಟಿನ ಸುತ್ತಲಿನ ಕೊನೆಯ ಪಾಡಾಗೆ ನಲ್ಲಿ ಬಂದ ಮೇಲೆ ನಗರದ ಪೈಪಿಗೆ ನೀರು. ಅದಕ್ಕೆ ಆಗುವ ಪಂಪಿನ ಖರ್ಚು, ಕರೆಂಟಿನ ಬಿಲ್ಲು ನಗರದ ನೀರಿನ ಬಿಲ್ಲಿನಿಂದ ಬರಲಿ. ಶಹಾಪುರದ ಪಾಡಾಗಳಿಗೆ ಬೇಕಾಗೋದು ಮುಂಬೈ ಸೋರಿಸುವ ನೀರಿನ ಪಕ್ಕದಲ್ಲಿಟ್ಟರೆ ಎಷ್ಟು? ಬೆಟ್ಟದ ಮುಂದೆ ಸಾಸಿವೆ.

ಇದು ಮರಾಠಿಗರ ಕತೆ, ನಮಗೇನು ಅಂತೀರಾ? ನಮ್ಮನೆ ನಲ್ಲಿಯನ್ನೂ ಸ್ವಲ್ಪ ನೋಡೋಣ. 2024ರ ಅಕ್ಟೋಬರ್ 16ರಂದು ಬೆಂಗಳೂರಿಗೆ ಕಾವೇರಿ ಐದನೇ ಹಂತ ಬಂತು. ದಿನಕ್ಕೆ 77.5 ಕೋಟಿ ಲೀಟರ್, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ನಾವೆಲ್ಲ ಖುಷಿಪಟ್ಟೆವು, ತಪ್ಪಿಲ್ಲ. ಆ ನೀರನ್ನ ಎತ್ತೋದು ಶಿವನಸಮುದ್ರದ ಹತ್ತಿರ. ಅಲ್ಲಿಗೆ ಬರೋ ನೀರಿನಲ್ಲಿ ಟಿ. ನರಸೀಪುರದಲ್ಲಿ ಸೇರುವ ಕಬಿನಿಯದ್ದೂ ಇದೆ. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ, ಎಚ್.ಡಿ. ಕೋಟೆ ಸೀಮೆಯಲ್ಲಿ. ಆ ಕಣಿವೆಯಿಂದ ಮೇಲೆದ್ದವರಲ್ಲಿ ಜೇನುಕುರುಬರಿದ್ದರು, ಬೆಟ್ಟಕುರುಬರಿದ್ದರು. ಜೇನುಕುರುಬರು ಕೂಡ ಕಾತ್ಕರಿಗಳ ಹಾಗೆ ವಿಶೇಷ ದುರ್ಬಲ ಬುಡಕಟ್ಟಿನ ಪಟ್ಟಿಯಲ್ಲಿರುವವರು. ಇವತ್ತು ಅವರ ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗೋದು, ಅಲ್ಲಿನ ಲೈನ್ ಮನೆಗಳಲ್ಲಿ ಇರೋದು ನಮಗೆ ಗೊತ್ತಿರುವ ವಿಷಯ. ಇನ್ನೊಂದು ಮಾತು. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶ ಅಂತ ಒಂದೇ ಒಂದು ಹಳ್ಳಿಯೂ ಇಲ್ಲ. ಶಹಾಪುರದವನಿಗೆ ಕಾಗದದ ಮೇಲಾದರೂ ಇರೋ ಪೆಸಾ ನಮ್ಮ ಜೇನುಕುರುಬನಿಗೆ ಕಾಗದದ ಮೇಲೂ ಇಲ್ಲ.

ನೀರಿನ ಬಿಲ್ ಪ್ರತಿ ತಿಂಗಳು ಬರುತ್ತೆ. ಎಷ್ಟು ಲೀಟರ್ ಬಳಸಿದಿರಿ, ಎಷ್ಟು ರೂಪಾಯಿ ಕಟ್ಟಬೇಕು, ಒಳಚರಂಡಿ ಶುಲ್ಕ ಎಷ್ಟು, ಎಲ್ಲ ಅದರಲ್ಲಿರುತ್ತೆ. ಯಾರ ಊರಿನಿಂದ ಬಂತು ಅನ್ನೋ ಸಾಲು ಇರೋದಿಲ್ಲ. ಆ ಒಂದು ಸಾಲನ್ನ ಬಿಲ್ಲಿನಲ್ಲಿ ಬರೆಸೋಕೆ ನಾವು ಕೇಳಬೇಕು. ಹೆಸರು ಬಿದ್ದರೆ ಬಾಕಿಯೂ ಗೊತ್ತಾಗುತ್ತೆ. ಬಾಕಿ ಗೊತ್ತಾದರೆ ಒಂದು ದಿನ ತೀರಿಸಲೇಬೇಕಾಗುತ್ತೆ.